ಬಿಸಿಲು ತಡೆದ ಆರೋಪಿ

ನಮ್ಮ ಯಜಮಾನರು ಯಾರ ಮನೆಗೆ ಹೋದರೂ ಮೊದಲು ನೋಡುವುದು ಕಿಟಕಿಯನ್ನು. ಮನೆಯವರ ಮುಖ ನೋಡುವುದು ಆಮೇಲೆ, ಅದೂ ಬೆಳಕು ಸರಿಯಾಗಿ ಬೀಳುತ್ತಿದ್ದರೆ. ಸಾವಿನ ಮನೆಗೆ ಸಮಾಧಾನ ಹೇಳಲು ಹೋಗಿ, "ಹೋದವರು ಬಹಳ ಒಳ್ಳೆಯವರು, ಆದರೆ ಈ ಕಿಟಕಿಯ ಪರದೆ ಇನ್ನೆರಡು ಇಂಚು ಕೆಳಗಿಳಿಯಬೇಕಿತ್ತು" ಎಂದು ಹೇಳಿ ಬಂದವರು. ಅವರನ್ನು ದೂರಿ ಫಲವಿಲ್ಲ. ಅವರು ಪರದೆ ಅಂಗಡಿಯಲ್ಲಿ ಅಳತೆಯ ಕೆಲಸದವರು. ಗಿರಾಕಿಗಳ ಮನೆಗೆ ಹೋಗಿ, ಟೇಪು ಬಿಚ್ಚಿ, ಬಿಸಿಲು ಯಾವ ದಿಕ್ಕಿನಿಂದ ಬರುತ್ತದೆಂದು ವಿಚಾರಿಸಿ, ಅದು ಒಳಗೆ ಬಾರದಂತೆ ಏನು ಮಾಡಬೇಕೆಂದು ಸಲಹೆ ಕೊಡುವುದು ಅವರ ಉದ್ಯೋಗ. ಊರಿನ ಅರ್ಧ ಬಿಸಿಲನ್ನು ತಾವೇ ತಡೆದು ನಿಲ್ಲಿಸಿದ್ದು ಎಂಬ ಸಣ್ಣದೊಂದು ಜಂಬ ಅವರಿಗಿತ್ತು. ಕೊನೆಗೆ ಆ ಜಂಬವೇ ಅವರ ಕೊರಳಿಗೆ ಸುತ್ತಿಕೊಂಡಿತು.

ಅಂಗಡಿಯಲ್ಲಿ ಉಳಿದ ತುಂಡುಗಳೆಲ್ಲ ನಮ್ಮ ಬಾಡಿಗೆ ಮನೆಗೆ ಬರುತ್ತಿದ್ದವು. ಪ್ರತಿ ಕಿಟಕಿಗೂ ಒಳಗೊಂದು ತೆಳು ಪರದೆ, ಅದರ ಮೇಲೊಂದು ದಪ್ಪ ಪರದೆ. ಪುಸ್ತಕದ ಕಪಾಟಿಗೆ ಪರದೆ, ಚಪ್ಪಲಿ ಗೂಡಿಗೆ ಪರದೆ, ಪಾತ್ರೆ ಸ್ಟ್ಯಾಂಡಿಗೆ ಪರದೆ. ಮಧ್ಯಾಹ್ನ ಅತ್ತೆ ಕುರ್ಚಿಯಲ್ಲಿ ಅಲ್ಲಾಡದೆ ನಿದ್ದೆ ಮಾಡುತ್ತಿದ್ದಾಗ ಇವರು ಟೇಪು ಹಿಡಿದು ಅತ್ತ ನೋಡುತ್ತಿದ್ದುದನ್ನು ಒಮ್ಮೆ ಕಣ್ಣಾರೆ ಕಂಡಿದ್ದೇನೆ.

ಈ ಮನೆಯಲ್ಲಿ ಬೆಳೆದವಳು ನಮ್ಮ ಮಗಳು ಬುಗುರಿ. ಖುಷಿಯಾದರೆ ನಿಂತಲ್ಲೇ ಗಿರಗಿರನೆ ತಿರುಗುತ್ತಾಳೆ, ಅದಕ್ಕೇ ಆ ಹೆಸರು. ಐದು ತುಂಬುತ್ತಾ ಬಂದರೂ ಮಾತು ಬಂದಿಲ್ಲ. ಕರೆದರೆ ತಿರುಗುವುದಿಲ್ಲ. ಯಾರ ಮುಖವನ್ನೂ ನೋಡುವುದಿಲ್ಲ. ಮುಖಕ್ಕಿಂತ ಆಸಕ್ತಿ ಹುಟ್ಟಿಸುವ ವಸ್ತುಗಳು, ಉದಾಹರಣೆಗೆ ಫ್ಯಾನು, ಜಗತ್ತಿನಲ್ಲಿ ಬೇಕಾದಷ್ಟಿವೆ ಎಂಬುದು ಅವಳ ಅಭಿಪ್ರಾಯವಿರಬೇಕು. ಮನೆಯಲ್ಲಿ ಗದ್ದಲ ಹೆಚ್ಚಾದರೆ ನಡುಮನೆಯ ದಪ್ಪ ಪರದೆಯನ್ನು ಮೈಗೆ ಸುತ್ತಿಕೊಂಡು ನಿಲ್ಲುತ್ತಾಳೆ. ಆಗ ನಮಗೆ ಕಾಣುವುದು ಎರಡು ಪಾದ ಮಾತ್ರ. ಹಿಂದಿನ ವರ್ಷ ಮಕ್ಕಳ ಡಾಕ್ಟರಮ್ಮ ಇದಕ್ಕೆ ಆಟಿಸಂ ಎಂಬ ಹೆಸರು ಹೇಳಿದರು. ಅಂದಿನಿಂದ ಅವಳನ್ನು ಮಾತು ಕಲಿಸುವ ತರಗತಿಗೆ ಕರೆದುಕೊಂಡು ಹೋಗುತ್ತಿದ್ದೇನೆ.

ಹೆಸರು ಹೇಳಿದ್ದು ಡಾಕ್ಟರು. ಕಾರಣ ಹುಡುಕುವ ಹೊಣೆಯನ್ನು ಬಂಧುಗಳು ವಹಿಸಿಕೊಂಡರು. ನಾನು ಬಸುರಿಯಾಗಿದ್ದಾಗ ಪುಸ್ತಕ ಓದಿದ್ದು ಹೆಚ್ಚಾಯಿತೆಂದು ಅತ್ತೆ ಕಂಡುಹಿಡಿದರು. "ನಿಮ್ಮತ್ತೆ ಮಾತಾಡ್ತಾ ಇದ್ರೆ ಮಗು ನಡುವೆ ಬಾಯಿ ಹಾಕೋಕೆ ಜಾಗ ಎಲ್ಲಿದೆ ಹೇಳು?" ಎಂದು ನನ್ನ ಅಕ್ಕ ಫೋನಿನಲ್ಲಿ ಕೇಳಿದಳು. ನಾದಿನಿಯ ಗಂಡ ಎಲ್ಲಕ್ಕೂ ಮೊಬೈಲೇ ಮೂಲ ಎಂದು ಮೊಬೈಲಿನಲ್ಲೇ ಹಗಲಿಡೀ ಸಂದೇಶ ಕಳಿಸಿದರು. ಯಜಮಾನರು ಮಾತ್ರ ಏನೂ ಹೇಳಲಿಲ್ಲ. ಅಳತೆಗೆ ಸಿಗದ ಕಿಟಕಿಯ ಮುಂದೆ ನಿಂತವರ ಹಾಗೆ ಮಗಳನ್ನೇ ನೋಡುತ್ತ ಕೂರುತ್ತಿದ್ದರು. ನನಗೆ ಅದೇ ದಿಗಿಲು. ಅಳತೆ ಸಿಗದೆ ಬಹಳ ಕಾಲ ಸುಮ್ಮನಿರುವ ಜೀವ ಅದಲ್ಲ.

ಒಂದು ರಜಾದಿನ ಬೆಳಗ್ಗೆ, ನಾದಿನಿಯ ಗಂಡ ಕಳಿಸಿದ ಯಾವುದೋ ಸಂದೇಶ ಓದಿ ಅವರು ಕುರ್ಚಿಯಿಂದ ಎದ್ದೇಬಿಟ್ಟರು.

"ಲೇ, ಸಿಕ್ತು!"

"ಏನು, ಕತ್ತರಿಯಾ?" ಎಂದೆ. ಅವರ ಕತ್ತರಿ ಕಳೆದು ಒಂದು ವಾರವಾಗಿತ್ತು.

"ಕತ್ತರಿಯಲ್ಲ ಕಣೇ, ಕಾರಣ!"

ಸಂದೇಶದ ಮೇಲೆ ದಪ್ಪಕ್ಷರದಲ್ಲಿ ಹೀಗಿತ್ತು: ವಿಟಮಿನ್ ಡಿ ಕೊರತೆಗೂ ಮಕ್ಕಳ ಆಟಿಸಂಗೂ ನಂಟಿದೆಯೇ? ನಾನು ಏನನ್ನೇ ಆದರೂ ಎರಡು ಸಲ ಓದುವವಳು. ಓದಿದೆ. ಇಂಥ ಕೆಲವು ಮಕ್ಕಳ ರಕ್ತದಲ್ಲಿ ಈ ವಿಟಮಿನ್ ಬೇರೆ ಮಕ್ಕಳಿಗಿಂತ ಕಡಿಮೆ ಕಂಡುಬಂದಿದೆ, ಕೆಲವು ಅಧ್ಯಯನಗಳಲ್ಲಿ ಬಸುರಿ ತಾಯಂದಿರ ರಕ್ತವನ್ನೂ ನೋಡಿದ್ದಾರೆ, ನಂಟು ಇರಬಹುದು, ಆದರೆ ಯಾವುದರಿಂದ ಯಾವುದು ಎಂದು ಯಾರಿಗೂ ಖಚಿತವಿಲ್ಲ, ಇನ್ನೂ ನೋಡಬೇಕಾಗಿದೆ.

"ರೀ, ಇರಬಹುದು ಅಂತಷ್ಟೇ ಬರೆದಿದ್ದಾರೆ. ಕೊನೇ ಸಾಲು ಓದಿದ್ರಾ?"

"ಕೊನೇ ಸಾಲು ಯಾರು ಓದ್ತಾರೆ? ಅದು ವಕೀಲರಿಗೆ ಹೆದರಿ ಹಾಕೋದು. ನಾನು ಕೇಳಿದ್ದಕ್ಕೆ ಉತ್ತರ ಹೇಳು. ವಿಟಮಿನ್ ಡಿ ಎಲ್ಲಿಂದ ಬರುತ್ತೆ?"

"ಬಿಸಿಲಿಂದ."

"ಬಿಸಿಲು ತಡೆಯೋದು ಯಾರ ಕಸುಬು?"

ಅವರೇ ಉತ್ತರ ಕೊಟ್ಟುಕೊಂಡರು.

"ನಂದು. ನೀನು ಬಸುರೀಲಿ ನಿದ್ದೆ ಬರಲ್ಲ ಅಂದಾಗ ಕೋಣೆಗೆ ದಪ್ಪ ಪರದೆ ತಂದು ಹಾಕಿದ್ದು ಯಾರು? ನಾನು. ಮಗು ತೊಟ್ಟಿಲಲ್ಲಿದ್ದಾಗ ಕಣ್ಣಿಗೆ ಬೆಳಕು ಚುಚ್ಚುತ್ತೆ ಅಂತ ಅದರ ಮೇಲೆ ಇನ್ನೊಂದು ಪದರ ಹಾಕಿದ್ದು ಯಾರು? ಅದೂ ನಾನೇ. ನನ್ನ ಮಗಳ ಮಾತನ್ನ ನಾನೇ ಹೊಲಿದು ಹಾಕಿಬಿಟ್ಟೆ ಕಣೇ."

ಕೊನೆಯ ಮಾತಿಗೆ ಅವರ ದನಿ ಒಡೆಯಿತು. ಏನಾದರೂ ಹೇಳೋಣವೆಂದು ನಾನು ಸರಿಯಾದ ಶಬ್ದ ಹುಡುಕುತ್ತಿದ್ದೆ. ಶಬ್ದ ಸಿಗುವಷ್ಟರಲ್ಲಿ ಅವರು ಸ್ಟೂಲಿನ ಮೇಲೆ ಹತ್ತಿದ್ದರು.

ಅರ್ಧ ಗಂಟೆಯಲ್ಲಿ ಮನೆ ಬೋಳಾಯಿತು. ನಡುಮನೆಯದು, ಮಲಗುವ ಕೋಣೆಯದು, ಅಡುಗೆಮನೆಯದು, ಒಂದನ್ನೂ ಬಿಡಲಿಲ್ಲ. ಆವೇಶದಲ್ಲಿ ಚಪ್ಪಲಿ ಗೂಡಿನ ಪರದೆಯನ್ನೂ ಕಿತ್ತರು.

"ಅದ್ಯಾಕೋ? ಚಪ್ಪಲಿಗೂ ಮಾತು ಬರ್ಬೇಕೇನೋ?" ಎಂದು ಅತ್ತೆ ಕೇಳಿದರು.

"ಅಮ್ಮಾ, ಇದು ತಮಾಷೆ ವಿಷಯ ಅಲ್ಲ."

"ಅದಕ್ಕೇ ಕೇಳ್ತಿರೋದು. ಬಚ್ಚಲ ಕಿಟಕಿದು ಮಾತ್ರ ಮುಟ್ಟಿದ್ರೆ ಈ ಮನೇಲಿ ಸ್ನಾನ ಮಾಡಲ್ಲ ನಾನು."

ಬಚ್ಚಲಿನ ಪರದೆ ಉಳಿಯಿತು. ಮಾರನೆಯ ದಿನ ಅವರು ಔಷಧದ ಅಂಗಡಿಯಿಂದ ವಿಟಮಿನ್ ಹನಿಗಳ ಬಾಟಲಿ ತಂದು ಚಮಚ ಹುಡುಕತೊಡಗಿದರು. ನಾನು ಬಾಟಲಿ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

"ಡಾಕ್ಟರನ್ನ ಕೇಳದೆ ಒಂದು ಹನಿಯೂ ಇಲ್ಲ."

"ಡಾಕ್ಟ್ರು ರಜೆ ಮೇಲೆ ಹೋಗಿದ್ದಾರಲ್ಲೇ, ಬರೋದು ಮುಂದಿನ ವಾರ. ಒಂದೇ ಒಂದು ಚಮಚ ಕಣೇ."

"ಬಿಸಿಲು ಜಾಸ್ತಿಯಾದ್ರೆ ಬಟ್ಟೆ ಬಣ್ಣ ಹೋಗಿ ನೂಲು ಸವೆಯುತ್ತೆ ಅಂತ ಗಿರಾಕಿಗಳಿಗೆ ಹೇಳೋರು ಯಾರು? ಇದೂ ಹಾಗೇ. ಜಾಸ್ತಿಯಾದ್ರೆ ಮಗು ಮೂತ್ರಪಿಂಡಕ್ಕೇ ಕುತ್ತು."

ಅವರ ಕಸುಬಿನ ಭಾಷೆಯಲ್ಲಿ ಹೇಳಿದ್ದರಿಂದ ತಕ್ಷಣ ಅರ್ಥವಾಯಿತು. ಬಾಟಲಿ ಬೀರುವಿನಲ್ಲೇ ಉಳಿಯಿತು. ಆದರೆ ಮನಸ್ಸಿನಲ್ಲಿ ಬಿದ್ದ ಮಾತಿಗೆ ಬೀಗ ಹಾಕುವುದು ಹೇಗೆ? ಮಗಳನ್ನು ಹೀಗೆ ಮಾಡಿದ್ದು ತಾನೇ ಎಂಬ ಭಾರವನ್ನು ಈ ಮನುಷ್ಯ ಆಯುಷ್ಯವಿಡೀ ಹೊರುತ್ತಾರೇನೋ, ಅದರಡಿಯಲ್ಲಿ ಇರುವ ಕೆಲಸವನ್ನೂ ಕಳೆದುಕೊಳ್ಳುತ್ತಾರೇನೋ ಎಂದು ನಾನು ಹೆದರಿದೆ. ನನ್ನ ಹೆದರಿಕೆಗಳಲ್ಲಿ ಹೆಚ್ಚಿನವು ಸುಳ್ಳಾಗುತ್ತವೆ. ಇದು ನಿಜವಾಗುವ ದಾರಿ ಹಿಡಿದಿತ್ತು.

ಪರದೆಯಿಲ್ಲದ ಮನೆಯಲ್ಲಿ ಇರುವುದೆಂದರೆ ಎದುರುಮನೆಯಲ್ಲೂ ಇದ್ದ ಹಾಗೆ. ನಾವಿರುವುದು ಎರಡನೆಯ ಮಹಡಿ. ನಡುವಿನ ಅಂಗಳದಾಚೆ, ಅದೇ ಎತ್ತರದಲ್ಲಿ, ಕಟ್ಟಡದ ಸಂಘದ ಕಾರ್ಯದರ್ಶಿಗಳ ಮನೆ. ತೆರಿಗೆ ಇಲಾಖೆಯಿಂದ ನಿವೃತ್ತರಾದವರು. ಬುಗುರಿ ಕೂಗಿದಾಗಲೆಲ್ಲ "ಶಾಂತಿ ಪಾಲನೆ" ಎಂಬ ವಿಷಯದ ಮೇಲೆ ನಮಗೆ ಕಾಗದ ಬರೆದವರು. ಈಗ ಬೆಳಗ್ಗೆ ನಾನು ಕಾಫಿಗೆ ಹಾಲು ಇಡುವಾಗ ಅವರು ಬನಿಯನ್ನಿನಲ್ಲಿ ವ್ಯಾಯಾಮದ ಬೈಠಕ್ ಹೊಡೆಯುವುದು ಕಾಣುತ್ತಿತ್ತು. ನಾನು ನೋಡಿದ್ದನ್ನು ಅವರು ನೋಡಿ, ಅಲ್ಲಿಂದಲೇ ನಮಸ್ಕಾರ ಮಾಡಿ, ಮಿಕ್ಕ ಬೈಠಕ್‌ಗಳನ್ನು ಗೋಡೆಯ ಮರೆಯಲ್ಲಿ ಮುಗಿಸುತ್ತಿದ್ದರು.

ಮೂರನೆಯ ದಿನ ಅವರ ಹೆಂಡತಿ ಬಂದರು. ಮುಖದಲ್ಲಿ ಅನುಕಂಪ, ಕಣ್ಣಿನಲ್ಲಿ ಕುತೂಹಲ.

"ಮನೆ ಖಾಲಿ ಮಾಡ್ತಿದೀರಂತೆ?"

"ಇಲ್ವಲ್ಲ ಆಂಟಿ."

"ಮುಚ್ಚಿಡಬೇಡಮ್ಮಾ. ಪರದೆ ಅಂಗಡಿಯವ್ರ ಮನೇಲೇ ಪರದೆ ಇಲ್ಲ ಅಂದ್ರೆ ಏನರ್ಥ? ಕೆಲಸ ಹೋಯ್ತಾ, ಅಂಗಡೀನೇ ಹೋಯ್ತಾ?"

ನಾನು ನಿಜ ಹೇಳಬಹುದಿತ್ತು. ಆದರೆ ಇವರ ಆ ಒಡೆದ ದನಿಯನ್ನು ಪರರ ಮುಂದೆ ಬಿಚ್ಚಿಡಲು ಮನಸ್ಸಾಗಲಿಲ್ಲ. "ಸ್ವಲ್ಪ ಬದಲಾವಣೆ ಆಗ್ತಿದೆ" ಎಂದೆ. ಎಚ್ಚರಿಕೆಯಿಂದ ಆರಿಸಿದ ಮಾತು. ಇಷ್ಟು ಎಚ್ಚರಿಕೆಯ ಮಾತು ಕೇಳಿದ ಮೇಲೆ ಯಾರಿಗೂ ಅನುಮಾನ ಉಳಿಯುವುದಿಲ್ಲ. ಸಂಜೆಯೊಳಗೆ ಇಡೀ ಕಟ್ಟಡಕ್ಕೆ ಪರದೆ ಅಂಗಡಿ ಮುಚ್ಚುವುದು ಖಾತ್ರಿಯಾಯಿತು. ಮುಚ್ಚುವ ಅಂಗಡಿಯಲ್ಲಿ ಅರ್ಧ ಬೆಲೆಗೆ ಮಾರುತ್ತಾರೆ ಎಂಬ ಉಪಕಥೆ ಮಾರನೆಯ ಬೆಳಗ್ಗೆ ಸೇರಿಕೊಂಡಿತು.

ಆ ದಿನ ಅಂಗಡಿಯಲ್ಲಿ ಜನವೋ ಜನ. ಬಾಗಿಲು ತೆಗೆದಾಗಿನಿಂದ ಅಂಥ ಗುಂಪು ಕಂಡಿರದ ಅಂಗಡಿ ಧಣಿಗಳು ಮೊದಮೊದಲು ಕೈ ಉಜ್ಜಿಕೊಂಡರು. ಎಲ್ಲರೂ ಅರ್ಧ ಬೆಲೆಗೇ ಬೇಕೆಂದಾಗ ಕೈ ನಿಂತಿತು. ಆಗ ನಮ್ಮ ಯಜಮಾನರು ಸಮಾಧಾನಪಡಿಸಲು ಮುಂದೆ ಬಂದರಂತೆ. ಮುಂದಿನದನ್ನು ಧಣಿಗಳ ಬಾಯಲ್ಲೇ ಕೇಳಬೇಕು. ಆದರೆ ಅದಕ್ಕೂ ಮೊದಲು ಎದುರುಮನೆಯಲ್ಲಿ ನಡೆದದ್ದನ್ನು ಹೇಳಿಬಿಡುತ್ತೇನೆ.

ಪರದೆ ಹೋದಾಗಿನಿಂದ ಬುಗುರಿಗೆ ನೆಲೆ ತಪ್ಪಿತ್ತು. ಬೋಳು ಕಿಟಕಿಯ ಮುಂದೆ ನಿಂತು, ಇಲ್ಲದ ಬಟ್ಟೆಗಾಗಿ ಕೈ ಚಾಚುತ್ತಿದ್ದಳು. ಬೆಳಕು ಕಣ್ಣಿಗೆ ಬಿದ್ದರೆ ಅಳುತ್ತಿದ್ದಳು. ಅವಳ ಅಪ್ಪ ಎದುರು ಮಂಡಿಯೂರಿ, "ಸ್ವಲ್ಪ ತಡ್ಕೊ ಬಂಗಾರ, ಒಳಗೆ ಹೋಗ್ಲಿ, ವಿಟಮಿನ್ನು ಒಳಗೆ ಹೋಗ್ಲಿ" ಎಂದು ಅವಳಿಗಿಂತ ಹೆಚ್ಚು ಅಳುಮುಖ ಮಾಡುತ್ತಿದ್ದರು. ಅಂಗಡಿಯಲ್ಲಿ ಗಲಾಟೆಯಾದ ಆ ದಿನವೇ ನಾನು ಒಗೆದ ಬಟ್ಟೆ ಮಡಿಸುತ್ತಿದ್ದಾಗ ಅವಳು ಕಾಣೆಯಾದಳು. ಬಾಗಿಲು ತೆರೆದಿತ್ತು. ಮೆಟ್ಟಿಲು, ಅಂಗಳ, ಗೇಟು ಎಲ್ಲ ಹುಡುಕಿದೆ. ಅಷ್ಟರಲ್ಲಿ ಎದುರುಮನೆಯಿಂದ ಕಿರುಚಾಟ.

"ಅಯ್ಯಯ್ಯೋ, ಪರದೆಗೆ ಕಾಲು ಬಂದಿದೆ!"

ಓಡಿಹೋದೆ. ಕಾರ್ಯದರ್ಶಿಗಳ ನಡುಮನೆಯಲ್ಲಿ ನೆಲ ಮುಟ್ಟುವ ಹಸಿರು ಪರದೆ. ಅದರ ಕೆಳಗೆ ನನಗೆ ಚೆನ್ನಾಗಿ ಪರಿಚಯವಿರುವ ಎರಡು ಪಾದ. ಆಂಟಿ ಸೋಫಾದ ಮೇಲೆ ನಿಂತಿದ್ದರು. ಕಾರ್ಯದರ್ಶಿಗಳು ಸಂಘದ ಅಧ್ಯಕ್ಷತೆ ವಹಿಸಿದವರ ಗಾಂಭೀರ್ಯದಿಂದ ಪರದೆಯನ್ನು ದಿಟ್ಟಿಸುತ್ತಿದ್ದರು. ಕ್ಷಮೆ ಕೇಳಿ ಅವಳನ್ನು ಎತ್ತಿಕೊಳ್ಳಲು ಹೋದೆ. ಪರದೆ ಕಡ್ಡಿಸಮೇತ ಅಲ್ಲಾಡಿತು.

"ಬಿಡಿ, ಎಳೀಬೇಡಿ," ಎಂದರು ಕಾರ್ಯದರ್ಶಿಗಳು. "ಪರದೆ ಹರಿದೀತು."

"ಬೇಗ ಬರಲ್ಲ ಸಾರ್ ಅವಳು. ತುಂಬಾ ಹೊತ್ತಾಗಬಹುದು."

"ಆಗ್ಲಿ. ನನಗೂ ಏನು ಆಫೀಸಿಗೆ ಹೋಗೋದಿದೆಯಾ?"

ಅವರು ಪರದೆಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಪತ್ರಿಕೆ ತೆರೆದರು. ಸ್ವಲ್ಪ ಹೊತ್ತಿಗೆ ಜೋರಾಗಿ ಓದತೊಡಗಿದರು. ಸಂಪಾದಕೀಯ ಮುಗಿದ ಮೇಲೆ ತೆರಿಗೆಯ ನಿಯಮಗಳು ಹೇಗೆ ಹಾಳಾಗಿವೆಯೆಂದು ಪರದೆಗೆ ವಿವರಿಸಿದರು. ಆಂಟಿ ಸೋಫಾದಿಂದ ಇಳಿದು ನನ್ನ ಕಿವಿಯಲ್ಲಿ, "ಮದುವೆಯಾದಾಗಿಂದ ಇದನ್ನ ಕೇಳಿಸ್ಕೊಳ್ಳೋರು ಒಬ್ರು ಬೇಕಿತ್ತಮ್ಮಾ ಇವ್ರಿಗೆ. ದಿನಾ ಕಳಿಸು" ಎಂದರು.

ಅಂದಿನಿಂದ ಬುಗುರಿ ದಿನವೂ ಹೋದಳು. ಶಾಂತಿ ಪಾಲನೆಯ ಕಾಗದಗಳು ನಿಂತವು.

ಇನ್ನು ಧಣಿಗಳು. ಅದೇ ಸಂಜೆ ನಮ್ಮ ಮನೆಯ ಮೆಟ್ಟಿಲು ಅವರ ಭಾರಕ್ಕೆ ಸದ್ದು ಮಾಡಿತು. ಹಿಂದೆ ಕೈಕಟ್ಟಿಕೊಂಡು ನಮ್ಮ ಯಜಮಾನರು. ಬುಗುರಿಯನ್ನು ಮನೆಗೆ ಬಿಡಲು ಬಂದಿದ್ದ ಕಾರ್ಯದರ್ಶಿಗಳು ಆಗಷ್ಟೇ ಕಾಫಿಗೆ ಕುಳಿತಿದ್ದರು. ಜಗಳದ ವಾಸನೆ ಬಂದ ಮೇಲೆ ಏಳುವ ಮಾತೇ ಇರಲಿಲ್ಲ.

"ಏನಮ್ಮಾ, ನಿನ್ನ ಗಂಡನಿಗೆ ಏನಾಗಿದೆ?" ಧಣಿಗಳು ನನ್ನನ್ನು ಕೇಳಿದರು. "ನನ್ನ ಅಂಗಡಿ ಮುಚ್ತಿದೆ ಅಂತ ಇಡೀ ಊರಿಗೆ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ! ಇಲ್ಲ ಮಾರಾಯ್ರೆ ಅಂತ ನಾನು ಬಾಯಿ ಬಡ್ಕೋತಾ ಇದ್ರೆ, ಇವನು ಗಲ್ಲಾಪೆಟ್ಟಿಗೆ ಪಕ್ಕ ನಿಂತು ಏನಂದ ಗೊತ್ತಾ? 'ಅಮ್ಮಾ, ಮನೇಲಿ ಚಿಕ್ಕ ಮಕ್ಕಳಿದಾವಾ? ಇದ್ರೆ ಪರದೆ ತಗೋಬೇಡಿ' ಅಂದ!"

"ನಿಜಾನೇ ಹೇಳಿದ್ದು," ಎಂದರು ಇವರು, ನೆಲ ನೋಡುತ್ತ.

"ಒಬ್ಬಳು ಬಸುರಿ ಹೆಂಗಸು ಬೆಲೆ ಮಾತಾಡಿ ಮುಗಿಸಿದ್ದ ಮಾಲನ್ನ ಅವಳ ಕೈಯಿಂದ ಕಿತ್ಕೊಂಡ! 'ತಂಗಿ, ಬಿಸಿಲಲ್ಲಿ ಕೂತ್ಕೊ ಹೋಗು' ಅಂತ ಬೀದಿಗೆ ಕಳಿಸಿದ. ಪಾಪ, ಅವಳು ಕೂತ್ಳು ಕೂಡ!"

"ಭೇಷ್!" ಎಂದರು ಅತ್ತೆ. ಯಾರಿಗೆ ಭೇಷ್ ಎಂದು ಸ್ಪಷ್ಟವಾಗಲಿಲ್ಲ.

"ಕೇಳಯ್ಯಾ," ಧಣಿಗಳು ಇವರ ಕಡೆ ತಿರುಗಿದರು, "ಸೋಮವಾರ ಬಂದು, 'ನಾನು ಹೇಳಿದ್ದೆಲ್ಲ ತಪ್ಪು' ಅಂತ ಗಿರಾಕಿಗಳಿಗೆ ಹೇಳ್ತೀಯೋ, ಇಲ್ಲ ಬೇರೆ ಕೆಲಸ ನೋಡ್ಕೋತೀಯೋ?"

"ಬೇರೆ ಕೆಲಸ ನೋಡ್ಕೋತೀನಿ ಧಣಿ."

ನಾನು ಕಾಫಿ ಲೋಟವನ್ನು ಅಲ್ಲೇ ಕೆಳಗಿಟ್ಟೆ.

"ಯಾಕಯ್ಯಾ? ಅಂಥದ್ದೇನಾಗಿದೆ?"

"ನನ್ನ ಮಗಳಿಗೆ ಮಾತು ಬರದೇ ಇರೋದು ನನ್ನಿಂದ. ನನ್ನ ಪರದೆಯಿಂದ. ಬಿಸಿಲು ಬೀಳಬೇಕಾದ ಕಡೆಯೆಲ್ಲ ಅಡ್ಡ ನಿಂತುಬಿಟ್ಟೆ ನಾನು. ಇನ್ನೊಬ್ಬರ ಮಗುವಿಗೂ ಹೀಗಾಗ್ಲಿ ಅಂತೀರಾ?"

ಅತ್ತೆ ಕೂಡ ಮಾತಾಡಲಿಲ್ಲ. ನಮ್ಮ ಮನೆಯಲ್ಲಿ ಅದನ್ನು ನೆನಪಿಡಬೇಕಾದ ಘಟನೆಯೆಂದೇ ಎಣಿಸುತ್ತೇವೆ. ಧಣಿಗಳು ಕುರ್ಚಿಯಲ್ಲಿ ಕುಳಿತರು. ಮೀಸೆಯನ್ನೊಮ್ಮೆ ನೀವಿಕೊಂಡರು.

"ಯಾವನಯ್ಯಾ ಹೇಳಿದ್ದು ಇದನ್ನ?"

"ಭಾವ ಕಳಿಸಿದ್ದ."

"ಭಾವ ಏನು ಡಾಕ್ಟ್ರಾ?"

"ಇಲ್ಲ, ಟೈರ್ ವ್ಯಾಪಾರ."

"ಟೈರಿನವನ ಮಾತು ಕೇಳಿ ಪರದೆ ವ್ಯಾಪಾರ ಮುಳುಗಿಸ್ತೀಯಾ? ಡಾಕ್ಟ್ರು ಯಾವಾಗ ಬರ್ತಾರೆ? ಸೋಮವಾರವಾ? ಸರಿ, ಅವತ್ತು ನಾನೂ ಬರ್ತೀನಿ."

"ಸಂಘದ ಪರವಾಗಿ ನಾನೂ ಇರ್ತೀನಿ," ಎಂದರು ಕಾರ್ಯದರ್ಶಿಗಳು. ಸಂಘಕ್ಕೂ ಇದಕ್ಕೂ ಏನು ಸಂಬಂಧವೆಂದು ಯಾರೂ ಕೇಳಲಿಲ್ಲ.

ಹೀಗಾಗಿ ಸೋಮವಾರ ಡಾಕ್ಟರಮ್ಮನ ಸಣ್ಣ ಕೋಣೆಗೆ ನಾವು ಆರು ಜನ ನುಗ್ಗಿದೆವು. ಅವರು ಕನ್ನಡಕದ ಮೇಲಿಂದ ನೋಡಿ, "ಇದರಲ್ಲಿ ರೋಗಿ ಯಾರು?" ಎಂದರು.

"ಆರೋಪಿ ನಾನು," ಎಂದು ಯಜಮಾನರು ಮುಂದೆ ಬಂದರು. ಮನೆಯ ಎಲ್ಲ ಕಿಟಕಿಗಳ ಉದ್ದಗಲ, ದಿಕ್ಕು, ಯಾವ ವರ್ಷ ಯಾವ ಬಟ್ಟೆ, ಎಷ್ಟು ಪದರ ಎಂಬುದನ್ನು ತಡೆಯಿಲ್ಲದೆ ಒಪ್ಪಿಸಿದರು. ಡಾಕ್ಟರಮ್ಮ ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ನಿಧಾನವಾಗಿ ಹೇಳಿದರು.

"ನೀವು ಓದಿದ್ದು ಪೂರ್ತಿ ಸುಳ್ಳಲ್ಲ. ಇಂಥ ಮಕ್ಕಳಲ್ಲಿ ಈ ವಿಟಮಿನ್ ಕಡಿಮೆ ಇರೋದನ್ನ ಕೆಲವರು ಕಂಡಿದ್ದಾರೆ. ಆದರೆ ಯಾವುದು ಮೊದಲು? ಈ ಮಕ್ಕಳು ಊಟದಲ್ಲಿ ಆಯ್ಕೆ ಮಾಡ್ತಾರೆ, ಹೊರಗೆ ಆಡೋದು ಕಡಿಮೆ. ಅದರಿಂದಲೇ ವಿಟಮಿನ್ ಕಡಿಮೆ ಆಗಿರಬಹುದು. ಕಡಿಮೆ ಇದ್ದದ್ದರಿಂದಲೇ ಆಟಿಸಂ ಬಂತು ಅಂತ ಇವತ್ತಿಗೆ ಯಾರೂ ಎದೆ ಮುಟ್ಟಿ ಹೇಳೋ ಹಾಗಿಲ್ಲ. ಆಟಿಸಂಗೆ ಹುಟ್ಟಿನಿಂದಲೇ ಬರೋ ಕಾರಣಗಳು ಬಹಳ ಇವೆ. ಒಂದು ಮನೆಯ ಪರದೆಗೆ ಅಷ್ಟೆಲ್ಲ ಶಕ್ತಿ ಇಲ್ಲಪ್ಪ."

ಇಷ್ಟು ಕೇಳಿ ಇವರ ಮುಖ ಅರಳುತ್ತದೆಂದು ನಾನು ಕಾದೆ. ಮುಖ ಕೆಂಪಗಾಯಿತು.

"ಶಕ್ತಿ ಇಲ್ಲ ಅಂದ್ರೆ? ನಮ್ಮ ಪರದೆ ಬಿಸಿಲು ತಡೆಯಲ್ಲ ಅಂತೀರಾ?"

"ಡಾಕ್ಟ್ರೆ, ಮಾತು ಸ್ವಲ್ಪ ನೋಡಿ ಆಡಿ," ಧಣಿಗಳೂ ಎದ್ದರು. "ಮೂರು ಪದರದ ಮಾಲು ಅದು. ಹಗಲಲ್ಲಿ ಹಾಕಿದ್ರೆ ಕಣ್ಣಿಗೆ ಕೈ ಕಾಣಲ್ಲ!"

"ಒಂದು ಗೆರೆ ಬೆಳಕು ಬಂದ್ರೆ ನನ್ನ ಹೆಸರು ಬದಲಾಯಿಸಿ!" ಎಂದರು ಇವರು.

"ರೀ," ಎಂದೆ ನಾನು, ಅವರ ಅಂಗಿಯ ತೋಳು ಹಿಡಿದು, "ನಿಮ್ಮನ್ನ ಬಿಡುಗಡೆ ಮಾಡ್ತಾ ಇದಾರೆ. ವಾದ ಮಾಡಬೇಡಿ."

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. "ಸರಿ, ನಿಮ್ಮ ಪರದೆ ಅದ್ಭುತ. ಈಗ ಒಂದು ಹೇಳಿ. ಪರದೆ ತೆಗೆದ ಮೇಲೆ ಕಿಟಕಿ ಬಾಗಿಲು ತೆರೆದಿಟ್ರಾ?"

"ಇಲ್ಲ," ಎಂದೆ. "ಎರಡನೇ ಮಹಡಿ, ಮಗು ಹತ್ತುತ್ತೆ ಅಂತ ಯಾವಾಗ್ಲೂ ಚಿಲಕ ಹಾಕಿರ್ತೀನಿ. ಗಾಜಿನ ಬಾಗಿಲು."

"ಹಾಗಾದ್ರೆ ಅಷ್ಟು ಶ್ರಮ ವ್ಯರ್ಥ. ವಿಟಮಿನ್ ತಯಾರಾಗೋಕೆ ಬೇಕಾದ ಕಿರಣಗಳನ್ನ ಗಾಜೇ ಹೆಚ್ಚುಕಮ್ಮಿ ಪೂರ್ತಿ ತಡೆದುಬಿಡುತ್ತೆ. ಒಳಗೆ ಬಂದದ್ದು ಬೆಳಕು, ಸೆಖೆ ಅಷ್ಟೇ."

ಇಷ್ಟು ದಿನ ಕಾರ್ಯದರ್ಶಿಗಳಿಗೆ ನಮ್ಮ ಸಂಸಾರ ತೋರಿಸಿದ್ದು, ನಾವು ಅವರ ಬೈಠಕ್ ನೋಡಿದ್ದು, ಎಲ್ಲವೂ ಯಾವ ವಿಟಮಿನ್ನೂ ಇಲ್ಲದೆ.

"ಗಾಜಾ!" ಯಜಮಾನರ ಕಣ್ಣಲ್ಲಿ ಹೊಸ ಬೆಳಕು. "ಧಣಿ, ನೋಡಿದ್ರಾ? ಗಾಜಿನ ಅಂಗಡಿಯವನು! ಅವನೇ ಅಪರಾಧಿ!"

"ನನಗೆ ಮೊದಲಿಂದ್ಲೂ ಅವನ ಮೇಲೆ ಅನುಮಾನ ಇತ್ತು," ಎಂದರು ಧಣಿಗಳು.

"ಯಾರೂ ಅಪರಾಧಿ ಅಲ್ಲ!" ಡಾಕ್ಟರಮ್ಮ ಮೇಜು ತಟ್ಟಿದರು. ಆಮೇಲೆ ದನಿ ಇಳಿಸಿ, ಇವರೊಬ್ಬರನ್ನೇ ನೋಡುತ್ತ, "ನೀವಲ್ಲ. ಗೊತ್ತಾಯ್ತಾ? ನೀವಲ್ಲ, ನಿಮ್ಮ ಹೆಂಡತಿಯಲ್ಲ, ಗಾಜಿನವನೂ ಅಲ್ಲ" ಎಂದರು.

"ನಾನಲ್ವಾ?"

"ಅಲ್ಲ."

"ಆ ತೊಟ್ಟಿಲ ಪರದೆ?"

"ಅದೂ ಅಲ್ಲ. ಅದು ಮಗು ಚೆನ್ನಾಗಿ ಮಲಗ್ಲಿ ಅಂತ ಅಪ್ಪ ಮಾಡಿದ್ದು. ಅಷ್ಟೇ ಅದು."

ಇವರು ಕಿಟಕಿಯ ಕಡೆ ತಿರುಗಿ ನಿಂತರು. ಕಣ್ಣು ಒರೆಸಿಕೊಳ್ಳಲು ಜೇಬಿನಿಂದ ತೆಗೆದದ್ದು ಪರದೆಯ ಮಾದರಿ ತುಂಡಾಗಿತ್ತು.

ರಕ್ತ ಕೊಡುವಾಗ ಮಗು ಹೆದರಬಾರದೆಂದು ಮೊದಲು ಅಪ್ಪ ಕೊಟ್ಟರು. ಧೈರ್ಯ ತೋರಿಸಲು ಹೋಗಿ ಸೂಜಿ ನೋಡಿದ ಕೂಡಲೇ ಧಣಿಗಳ ಹೆಗಲಿಗೆ ಒರಗಿದರು. ಬುಗುರಿ ಸೀಲಿಂಗಿನ ಫ್ಯಾನು ನೋಡುತ್ತ ಕೊಟ್ಟಳು. ಮಾರನೆಯ ದಿನ ಫಲಿತಾಂಶ ಬಂತು. ಮಗಳದು ಸ್ವಲ್ಪ ಕಡಿಮೆ, ಅಪ್ಪನದು ಪಾತಾಳದಲ್ಲಿ.

"ಡಾಕ್ಟ್ರೆ, ಏನಿದು? ಅವಳಿಗಿಂತ ನನಗೇ ಕಡಿಮೆಯಾ?"

"ಹೌದು. ಹಗಲಿಡೀ ಕಿಟಕಿ ಮುಚ್ಚೋ ಕೆಲಸ ಅಲ್ವಾ?"

"ಆದರೆ ನಾನು ಹುಟ್ಟಿದಾಗಿಂದ ಮಾತಾಡ್ತಾನೇ ಇದೀನಿ!"

"ಬಾಯಿ ಮುಚ್ಚಿದ್ದನ್ನ ನಾನಂತೂ ಕಂಡಿಲ್ಲ," ಎಂದು ಹೆತ್ತ ತಾಯಿ ಸಾಕ್ಷಿ ನುಡಿದರು.

ಯಾವ ಅಧ್ಯಯನವೂ, ನನ್ನ ಯಾವ ಜಾಗರೂಕ ಮಾತೂ ಒಪ್ಪಿಸಲಾಗದ್ದನ್ನು ಈ ಸಾಕ್ಷಿ ಒಪ್ಪಿಸಿತು. ಇಬ್ಬರಿಗೂ ಡಾಕ್ಟರಮ್ಮ ಎಷ್ಟು ಹನಿ, ಎಷ್ಟು ಕಾಲ ಎಂದು ಬರೆದುಕೊಟ್ಟರು. "ಇದು ಮೂಳೆಗೆ, ಆರೋಗ್ಯಕ್ಕೆ. ಮಾತಿನ ಔಷಧಿ ಅಂತ ಕಾಯ್ತಾ ಕೂರಬೇಡಿ. ತರಗತಿ ಒಂದು ದಿನವೂ ತಪ್ಪಿಸಬೇಡಿ. ಬೆಳಗ್ಗೆ ಹೊತ್ತು ಹೊರಗೆ ಕರ್ಕೊಂಡು ಹೋಗಿ, ಸುಮ್ಮನೆ ಆಡಿ. ಅಳತೆ ಟೇಪು ಮನೇಲೇ ಬಿಡಿ," ಎಂದರು.

ಪರದೆಗಳು ಮರಳಿ ಬಂದವು. ಕಟ್ಟಡದವರಿಗೆ ಸ್ವಲ್ಪ ನಿರಾಸೆಯಾಯಿತು. ಆಂಟಿ ಮಾತ್ರ ಕೊನೆಯವರೆಗೂ ಅರ್ಧ ಬೆಲೆಗೆ ಕೇಳಿ, ಮುಕ್ಕಾಲಿಗೆ ಒಪ್ಪಿಸಿದರು. ನಮ್ಮ ಯಜಮಾನರು ಅಂಗಡಿಯಲ್ಲಿ ಈಗ ಹೇಳುವುದು ಹೀಗೆ: "ಪರದೆ ಧಾರಾಳವಾಗಿ ತಗೊಳ್ಳಿ. ಮಕ್ಕಳನ್ನ ಮಾತ್ರ ಬೆಳಗ್ಗೆ ಅಂಗಳಕ್ಕೆ ಬಿಡಿ." ಇದರಿಂದ ವ್ಯಾಪಾರಕ್ಕೆ ನಷ್ಟವೇನಿಲ್ಲವೆಂದು ಲೆಕ್ಕ ಹಾಕಿ ಧಣಿಗಳು ಸುಮ್ಮನಾಗಿದ್ದಾರೆ.

ಬೆಳಗಿನ ಆಟ ಶುರುವಾಯಿತು. ಆಟ ಎಂದೆನೇ? ಮೊದಲ ದಿನಗಳಲ್ಲಿ ಅಂಗಳದ ಒಂದು ಮೂಲೆಯಲ್ಲಿ ಬುಗುರಿ ತನ್ನಷ್ಟಕ್ಕೆ ತಿರುಗುತ್ತಿದ್ದಳು. ಇನ್ನೊಂದು ಮೂಲೆಯಲ್ಲಿ ಅಪ್ಪ ಏನು ಮಾಡಬೇಕೆಂದು ತಿಳಿಯದೆ, ಬಸ್ಸಿಗೆ ಕಾಯುವವರಂತೆ ನಿಂತಿರುತ್ತಿದ್ದರು. ನಾನು ಮೇಲಿನಿಂದ ಕಿಟಕಿಯ ಪರದೆ ಸ್ವಲ್ಪವೇ ಸರಿಸಿ ನೋಡುತ್ತಿದ್ದೆ. ಎದುರು ಕಿಟಕಿಯಲ್ಲಿ ಕಾರ್ಯದರ್ಶಿಗಳ ಮೂಗು ಕಾಣುತ್ತಿತ್ತು.

ಒಂದು ಬೆಳಗ್ಗೆ ಮೋಡವಿರಲಿಲ್ಲ. ಸೂರ್ಯ ಇನ್ನೂ ಕೆಳಗಿದ್ದ. ಇವರ ನೆರಳು ಅಂಗಳದ ಉದ್ದಕ್ಕೂ ಮಲಗಿ, ಬುಗುರಿಯ ಕಾಲ ಬಳಿ ತಲೆ ಇಟ್ಟಿತ್ತು. ಬುಗುರಿ ತಿರುಗುವುದನ್ನು ನಿಲ್ಲಿಸಿ ಬಗ್ಗಿ ನೋಡಿದಳು. ಅದೇ ಹೊತ್ತಿಗೆ ಸೊಳ್ಳೆ ಕಚ್ಚಿತೋ ಏನೋ, ಇವರು ಕೈ ಎತ್ತಿ ಕತ್ತು ಕೆರೆದುಕೊಂಡರು. ನೆರಳಿನ ಕೈಯೂ ಎದ್ದಿತು. ಬುಗುರಿ ಹಾರಿಬಿದ್ದಳು. ಕೈ ಇಳಿಯಿತು, ನೆರಳೂ ಇಳಿಯಿತು. ಅವಳು ನೆರಳಿನ ಮೇಲೇ ನಡೆಯುತ್ತ ಬಂದಳು. ತಲೆ, ಹೆಗಲು, ಹೊಟ್ಟೆ, ಮೊಣಕಾಲು ದಾಟಿ ಅಪ್ಪನವರೆಗೆ ಬಂದು ನಿಂತು, ಅವರ ಕೈ ಹಿಡಿದು ತನಗೆಟುಕುವಷ್ಟು ಮೇಲಕ್ಕೆ ತಳ್ಳಿದಳು. ತಿರುಗಿ ನೆರಳನ್ನು ನೋಡಿದಳು. ನಕ್ಕಳು.

ಯಜಮಾನರಿಗೆ ಏನೂ ಅರ್ಥವಾಗಲಿಲ್ಲ. "ಏನು ಬಂಗಾರ, ಕೈ ನೋವಾ?" ಎಂದು ಕೈ ಇಳಿಸಿದರು.

ಆಗ ಅವಳು ತಲೆಯೆತ್ತಿ ಅವರ ಮುಖ ನೋಡಿದಳು. ಅವರ ಹಿಂದೆ ತಿರುಗುವ ಯಾವುದೂ ಇರಲಿಲ್ಲ, ಹೊಳೆಯುವ ಯಾವುದೂ ಇರಲಿಲ್ಲ. ಇದ್ದದ್ದು ಮುಖವೊಂದೇ. ಅದನ್ನೇ ನೋಡಿದಳು, ಕಣ್ಣಿಗೆ ಕಣ್ಣಿಟ್ಟು, ಕೇಳಿದ ಮಾಲನ್ನು ಅಂಗಡಿಯವನು ತೆಗೆಯದೆ ನಿಂತಾಗ ಗಿರಾಕಿ ನೋಡುವಂತೆ.

"ಲೇ!" ಅಂಗಳದಿಂದ ಬಂದ ಕೂಗಿಗೆ ಎಲ್ಲ ಕಿಟಕಿಗಳ ಪರದೆಗಳೂ ಒಮ್ಮೆಗೇ ಸರಿದವು. "ಲೇ, ನನ್ನ ನೋಡಿದ್ಲು ಕಣೇ! ನನ್ನನ್ನ!"

"ಕಂಡೆ ರೀ! ಕೂಗಬೇಡಿ, ಕೈ ಎತ್ತಿ! ಕೈ ಎತ್ತಬೇಕಂತೆ!" ಎಂದು ನಾನೂ ಕೂಗಿದೆ. ಶಾಂತಿ ಪಾಲನೆಯ ದೃಷ್ಟಿಯಿಂದ ಅದು ಖಂಡನೀಯವೇ. ಆದರೆ ಕಾರ್ಯದರ್ಶಿಗಳು ನನಗಿಂತ ಜೋರಾಗಿ, "ಎರಡೂ ಕೈ ಎತ್ತಿ ಸ್ವಾಮೀ!" ಎಂದು ಕೂಗುತ್ತಿದ್ದರು.

ಇವರು ಎರಡೂ ಕೈ ಎತ್ತಿದರು. ಬುಗುರಿ ನೆರಳಿನ ಸುತ್ತ ಗಿರಗಿರನೆ ತಿರುಗಿದಳು. ಇಳಿಸಿದಾಗಲೆಲ್ಲ ಬಂದು ಮುಖ ನೋಡಿ, ಮೊಣಕೈ ತಳ್ಳಿದಳು. ಮತ್ತೆ ಎತ್ತಿದರು.

ಎಷ್ಟೋ ಹೊತ್ತಿನ ಮೇಲೆ ಧಣಿಗಳು ಗೇಟು ತಳ್ಳಿಕೊಂಡು ಬಂದರು. ಹೊಸ ಬಂಗಲೆಯೊಂ‍ದರ ಕಿಟಕಿಗಳ ಅಳತೆಗೆ ಹೋಗಬೇಕಾಗಿತ್ತು, ಗಿರಾಕಿ ಕಾಯುತ್ತಿದ್ದರು. ಬಂದವರು ತಮ್ಮ ಅಳತೆಗಾರ ಅಂಗಳದ ನಡುವೆ ದರೋಡೆಗೆ ಸಿಕ್ಕವನ ಹಾಗೆ ಎರಡೂ ಕೈ ಎತ್ತಿ ನಿಂತಿರುವುದನ್ನು ಕಂಡರು.

"ಏನಯ್ಯಾ ಇದು ವೇಷ? ಕೈ ಇಳಿಸು, ಹೊತ್ತಾಯ್ತು!"

"ಇಳಿಸೋಕೆ ಬಿಡ್ತಿಲ್ಲ ಧಣಿ."

"ಯಾರು ಬಿಡ್ತಿಲ್ಲ?"

ಉತ್ತರ ಅವರ ಪಕ್ಕದಲ್ಲೇ ಬಂದು ನಿಂತಿತ್ತು. ಬುಗುರಿ ನೆಲದ ಮೇಲೆ ಬಿದ್ದಿದ್ದ ಧಣಿಗಳ ಅಗಲವಾದ ಹೊಸ ನೆರಳನ್ನು ನೋಡಿದಳು. ಆಮೇಲೆ ತಲೆಯೆತ್ತಿ ಅವರ ಮೀಸೆಯನ್ನು, ಮುಖವನ್ನು ನೋಡಿದಳು. ಅವರ ಕೈ ಹಿಡಿದು ಮೇಲಕ್ಕೆ ತಳ್ಳಿದಳು.

ಧಣಿಗಳು ಗಡಿಯಾರ ನೋಡಿಕೊಂಡರು. ಗೇಟಿನ ಕಡೆ ನೋಡಿದರು. ಸುತ್ತಲಿನ ಕಿಟಕಿಗಳಲ್ಲಿ ತುಂಬಿದ್ದ ಮುಖಗಳನ್ನೂ ನೋಡಿದರು. ಕೈಚೀಲವನ್ನು ನೆಲದ ಮೇಲಿಟ್ಟು, ಎರಡೂ ಕೈ ಎತ್ತಿದರು.

"ಹೀಗೆ ಎಷ್ಟು ಹೊತ್ತಯ್ಯಾ?" ಎಂದು ಪಿಸುಗುಟ್ಟಿದರು.

"ಬಿಸಿಲಿರೋವರೆಗೂ, ಧಣಿ," ಎಂದರು ನಮ್ಮ ಯಜಮಾನರು.